ಕರಿಸೀರೆಯ ಸೊಸೆಗೆ ಊರು ಕೊಟ್ಟ ಹಿಡಿಯಕ್ಕಿ

ಎಲ್ಲರೂ ಬಂದಿರಾ? ಮುಂದೆ ಕೂತವರು ಒಂದಿಷ್ಟು ಜರುಗಿ, ಹಿಂದಿನವರಿಗೂ ಜಾಗವಾಗಲಿ. ನಡುನಡುವೆ ಹೂಂ ಅನ್ನುತ್ತಿರಿ. ನೀವು ಹೂಂ ಅನ್ನದಿದ್ದರೆ ಕತೆ ನಿಮಗೆ ತಲುಪಿತೋ ಇಲ್ಲವೋ ಅಂತ ನನಗೆ ಗೊತ್ತಾಗುವುದಿಲ್ಲ.

ಒಂದು ರಾಜ್ಯ. ಯಾವ ರಾಜ್ಯ ಅಂತ ಕೇಳಬೇಡಿ. ಏಳು ಹೊಳೆ ದಾಟಿದರೆ ಸಿಗುತ್ತಿತ್ತಂತೆ, ಎಂಟನೆಯ ಹೊಳೆ ದಾಟಿದರೆ ತಪ್ಪಿಹೋಗುತ್ತಿತ್ತಂತೆ. ಆ ರಾಜ್ಯಕ್ಕೆ ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬನೇ ಮಗ. ರಾಣಿಯ ಹೆಸರು ದೊಡ್ಡಾಜಮ್ಮ. ಮಗನ ಹೆಸರು ಸೋಮರಾಯ. ರಾಜನಿಗೂ ಹೆಸರಿತ್ತು, ಆದರೆ ಈ ಕತೆಯಲ್ಲಿ ಅವನಿಗೆ ಹೆಚ್ಚು ಕೆಲಸವಿಲ್ಲ, ಅದಕ್ಕೆ ಬಿಟ್ಟಿದ್ದೇನೆ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಇದನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಇದು ತಿಳಿಯದಿದ್ದರೆ ಮುಂದಿನದು ಒಂದೂ ತಿಳಿಯುವುದಿಲ್ಲ.

ಅರಮನೆಯಲ್ಲಿ ಮದುವೆ ನಡೆದರೆ ಅಕ್ಷತೆಯ ಅಕ್ಕಿ ಅರಮನೆಯ ಕಣಜದಿಂದ ಬರುವಂತಿಲ್ಲ. ಊರಿನ ಮನೆಗಳಿಂದ ಬರಬೇಕು. ಮನೆಗೆ ಒಂದು ಹಿಡಿ. ಹೆಬ್ಬಾಗಿಲ ಮುಂದೆ ಒಂದು ಕಂಚಿನ ಕೊಳಗ ಇಡುತ್ತಿದ್ದರು. ಕೊಳಗ ಅಂದರೆ ನಾವು ರಾಗಿ ಅಳೆಯುವ ಕೊಳಗವಲ್ಲ, ಅದರ ಮುತ್ತಾತ. ಪಕ್ಕದಲ್ಲಿ ನಿಂತರೆ ಸೊಂಟಕ್ಕೆ ಬರುತ್ತಿತ್ತು. ಮದುವೆ ಮೂರು ದಿನ. ಊರ ಹೆಂಗಸರು ಸೆರಗಿನ ತುದಿಗೆ ಒಂದು ಹಿಡಿ ಅಕ್ಕಿ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಹೆಂಗಸರಿಲ್ಲದ ಮನೆಯಾದರೆ ಗಂಡಸರು ಹೆಗಲ ಮೇಲಿನ ವಲ್ಲಿಯ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಬಂದು ಏನು ಮಾಡುತ್ತಿದ್ದರು? ನೋಡುತ್ತಿದ್ದರು. ಹೆಣ್ಣನ್ನು ನೋಡುತ್ತಿದ್ದರು, ಹೆಣ್ಣಿನ ಕಡೆಯವರನ್ನು ನೋಡುತ್ತಿದ್ದರು, ಅವರ ಉಡುಗೆ ತೊಡುಗೆ ನಡೆ ನುಡಿ ನೋಡುತ್ತಿದ್ದರು. ನೋಡಿದ್ದು ಮನಸ್ಸಿಗೆ ಬಂದರೆ ಗಂಟು ಬಿಚ್ಚಿ ಅಕ್ಕಿಯನ್ನು ಕೊಳಗಕ್ಕೆ ಸುರಿಯುವುದು. ಬರದಿದ್ದರೆ ಗಂಟು ಹಾಗೇ ಇಟ್ಟುಕೊಂಡು ಮನೆಗೆ ಹೋಗುವುದು.

ಮೂರನೆಯ ದಿನ ನಡುಮಧ್ಯಾಹ್ನ ಮುಹೂರ್ತ. ಹೆಬ್ಬಾಗಿಲ ಎದುರಿನ ಕಲ್ಲುಕಂಬದ ನೆರಳು ಕುಗ್ಗಿ ಕುಗ್ಗಿ ಬುಡಕ್ಕೆ ಸೇರುವ ಹೊತ್ತು. ಅಷ್ಟರಲ್ಲಿ ಕೊಳಗ ಕಂಠದವರೆಗೆ ತುಂಬಿರಬೇಕು. ತುಂಬಿದರೆ ತಾಳಿ. ತುಂಬದಿದ್ದರೆ ಹೆಣ್ಣು ಬಂದ ದಾರಿಯಲ್ಲೇ ವಾಪಸ್ಸು.

ಇನ್ನೊಂದು ಮಾತು. ಅಕ್ಕಿ ಹಾಕಿ ಅಂತ ಅರಮನೆಯವರು ಕೇಳುವಂತಿಲ್ಲ, ಹೆಣ್ಣಿನ ಕಡೆಯವರೂ ಕೇಳುವಂತಿಲ್ಲ. ಬಾಯಿಬಿಟ್ಟು ಕೇಳಿದರೆ ಆ ಗಳಿಗೆಗೇ ಮದುವೆ ಮುರಿದಂತೆ. ಊರು ತಾನಾಗಿ ಕೊಡಬೇಕು. ರಾಜನ ಅಜ್ಜನ ಕಾಲದಲ್ಲಿ ಹಾಗೆ ಒಬ್ಬಳು ಹೆಣ್ಣು ವಾಪಸ್ಸು ಹೋಗಿದ್ದಳು. ಅವಳು ಆಮೇಲೆ ತವರಿನಲ್ಲೇ ಮುದುಕಿಯಾದಳು. ಯಾರ ಮದುವೆ ಚಪ್ಪರಕ್ಕೂ ಅವಳು ಬರಲಿಲ್ಲ, ಅವಳನ್ನು ಯಾರೂ ಕರೆಯಲೂ ಇಲ್ಲ. ಇದು ಎಲ್ಲರಿಗೂ ನೆನಪಿತ್ತು. ನೀವೂ ನೆನಪಿಟ್ಟುಕೊಳ್ಳಿ.

ಈಗ ಸೋಮರಾಯನ ಮದುವೆಗೆ ಬರೋಣ.

ಸೋಮರಾಯ ಒಮ್ಮೆ ಬಯಲುಸೀಮೆಯ ಕಡೆ ಹೋಗಿದ್ದ. ಕಣ್ಣು ಹಾಯುವವರೆಗೂ ಕಪ್ಪು ನೆಲ, ಎರೆ ಮಣ್ಣು. ಅಲ್ಲಿ ಒಬ್ಬ ಸಣ್ಣ ದೊರೆ, ಬಾಳಪ್ಪ ದೇಸಾಯಿ ಅಂತ. ಸಣ್ಣ ದೊರೆ ಅಂದರೆ ಆಳು ಸಣ್ಣವನಲ್ಲ, ರಾಜ್ಯ ಸಣ್ಣದು. ಅವನಿಗೆ ತಾಯಿಯಿಲ್ಲದ ಮಗಳು, ತುಂಗವ್ವ. ಸೋಮರಾಯ ಅವಳನ್ನು ಕಂಡ, ಮಾತಾಡಿಸಿದ, ಊರಿಗೆ ಬಂದು ಅಮ್ಮನಿಗೆ ಹೇಳಿದ. ಅವನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ರಾಣಿ ಹೆಣ್ಣು ಕೇಳಲು ದೇಸಾಯಿಗೆ ಹೇಳಿಕಳಿಸಿದಳು. ತುಂಗವ್ವನಿಂದ ಒಂದೇ ಮಾತು ಬಂತು: "ನಾ ಬರತೀನ್ರಿ. ಆದರ ನಮ್ಮ ಸೀರಿ ಉಟಗೊಂಡ ಬರತೀನಿ." ರಾಣಿ ಆಗಲಿ ಅಂದಳು. ಯಾವ ಸೀರೆ ಅಂತ ಕೇಳಲಿಲ್ಲ. ಕೇಳಬೇಕಿತ್ತೇನೋ.

ಮೊದಲನೆಯ ದಿನ. ಊರಿಗೆ ಊರೇ ಬೀದಿಯ ಎರಡು ಮಗ್ಗುಲಲ್ಲಿ ನಿಂತಿತ್ತು. ಚೌಕದಲ್ಲಿ ಹೂವಿನ ಸಣ್ಣಮ್ಮ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಈ ಸಣ್ಣಮ್ಮ ಯಾರು ಅಂತ ಹೇಳಲೇಬೇಕು. ಊರಿನ ಸಾವಿರ ಮನೆಗೂ ಹೂವು ಅವಳದೇ. ಮೊಳ ಹೂವಿನ ಜೊತೆಗೆ ಒಂದು ಮಾತೂ ಹೋಗುತ್ತಿತ್ತು. ಬೆಳಿಗ್ಗೆ ಅವಳು ಅಂದದ್ದನ್ನು ಮಧ್ಯಾಹ್ನಕ್ಕೆ ಊರೆಲ್ಲ ಅನ್ನುತ್ತಿತ್ತು. ಅವಳೇನು ಕೆಟ್ಟವಳಲ್ಲ. ಮೂವತ್ತು ವರ್ಷದ ಹಿಂದೆ ರಾಣಿ ದೊಡ್ಡಾಜಮ್ಮನ ಮದುವೆಗೆ ಮೊಗ್ಗಿನ ಜಡೆ ಹೆಣೆದವಳು ಅವಳೇ. ಆ ಮದುವೆಯ ಕೆಂಪು ಸೀರೆ, ಆ ಜರಿ, ಆ ಒಂಬತ್ತು ಆನೆ ಅವಳ ಕಣ್ಣಿನಲ್ಲಿ ಹಾಗೇ ಕೂತಿದ್ದವು. ಅದಕ್ಕಿಂತ ಕಡಿಮೆಯದು ಮದುವೆಯೇ ಅಲ್ಲ ಅಂತ ಅವಳ ಲೆಕ್ಕ.

ಮೊದಲು ಧೂಳು ಬಂತು. ಆಮೇಲೆ ಗೆಜ್ಜೆ ಸದ್ದು ಬಂತು. ಆಮೇಲೆ ಏನು ಬಂತು? ಆನೆ ಅಂದಿರಾ? ಇಲ್ಲ. ಹನ್ನೆರಡು ಎತ್ತಿನ ಬಂಡಿ ಬಂದವು.

ಎತ್ತುಗಳೇನೋ ಬೆಣ್ಣೆ ಮುದ್ದೆಯ ಹಾಗಿದ್ದವು. ಕೊಂಬಿಗೆ ಬಣ್ಣ, ಕೊರಳಿಗೆ ಹುರಿಗೆಜ್ಜೆ. ಆದರೆ ಬಂಡಿ ಬಂಡಿಯೇ. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಣ್ಣಮ್ಮ ಕೂತಲ್ಲಿಂದಲೇ ಕೂಗಿದಳು: "ಏನಪ್ಪ ಬಂಡಿ ಹೊಡೆಯೋನೆ, ನಿಮ್ಮ ದೊರೆ ಎಲ್ಲಿ? ಹಿಂದಿನ ಬಂಡೀಲಿ ಮಲಗಿದ್ದಾರಾ?"

ಮುಂದಿನ ಬಂಡಿ ನಿಂತಿತು. ಹೊಡೆಯುತ್ತಿದ್ದವನು ಬಿಳಿ ರುಮಾಲು ಸರಿಮಾಡಿಕೊಂಡು ಇಳಿದ. ಎತ್ತರದ ಆಳು, ಮೀಸೆ ತುಂಬ ಧೂಳು.

"ನಾನ ಅದೀನ್ರಿ ಅವ್ವಾರ," ಅಂದ.

ಜನ ನಕ್ಕರು. ಸಣ್ಣಮ್ಮನಿಗೆ ನಾಚಿಕೆಯಾಯಿತು, ಆದರೆ ಬಿಡುವವಳಲ್ಲ. "ದೊರೆಯಾಗಿ ನೀವೇ ಬಂಡಿ ಹೊಡೀತೀರಾ ಬುದ್ಧಿ? ಆಳು ಸಿಗಲಿಲ್ವಾ?"

"ಆಳು ಅದಾರ್ರಿ. ಮಗಳನ್ನ ಗಂಡನ ಮನಿಗೆ ಕಳಸೂ ಹಾದಿ ಇದೊಂದ. ಇದನ್ನೂ ಆಳಿನ ಕೈಯಾಗ ಕೊಟ್ಟರ ನಾ ಏನ ಹೊಡೀಲಿ?"

ಅಷ್ಟು ಹೇಳಿ ಮತ್ತೆ ಹತ್ತಿ ಕೂತ. ಹಗ್ಗ ಎಳೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ಮಗಳನ್ನು ನೋಡಿದ. ಮಗಳನ್ನು ಕೊಟ್ಟವರಿಗೆ ಆ ನೋಟ ಗೊತ್ತು. ಬೀದಿಯಲ್ಲಿ ಅಂಥವರು ಬಹಳ ಜನ ಇದ್ದರು. ಗಾಣದ ಬೀದಿಯ ಒಬ್ಬ ಮುದುಕ ಕಣ್ಣು ಒರೆಸಿಕೊಂಡು ಹೋಗಿ ಗಂಟು ಬಿಚ್ಚಿ ಅಕ್ಕಿ ಸುರಿದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಸಂಜೆಗೆ ಕೊಳಗ ಕಾಲುಭಾಗ ತುಂಬಿತು.

"ನೀನು ಹಾಕಲಿಲ್ವೇನಕ್ಕ?" ಅಂತ ಪಕ್ಕದವಳು ಕೇಳಿದಳು.

"ಅಪ್ಪ ಒಳ್ಳೆಯವನು ಕಣೆ," ಅಂದಳು ಸಣ್ಣಮ್ಮ. "ಆದರೆ ನಮ್ಮೂರಿಗೆ ಬರೋದು ಅಪ್ಪ ಅಲ್ಲವಲ್ಲ. ನಾಳೆ ನೋಡೋಣ."

ಎರಡನೆಯ ದಿನ. ಬೀಗರ ಊಟ. ಅಂಗಳದಲ್ಲಿ ಸಾಲು ಎಲೆ. ಗೋಡೆಯಾಚೆ ಊರವರಿಗೂ ಎಲೆ. ಆ ಗೋಡೆ ಸೊಂಟದೆತ್ತರ ಮಾತ್ರ, ನೋಡುವುದಕ್ಕೆ ಅಡ್ಡಿಯಿಲ್ಲ.

ಹೆಣ್ಣಿನ ಜೊತೆ ಅವಳ ಸೋದರತ್ತೆ ನಿಂಬೆವ್ವ ಬಂದಿದ್ದಳು. ಸೋದರತ್ತೆ ಅಂದರೆ ದೇಸಾಯಿಯ ಅಕ್ಕ. ತಾಯಿಯಿಲ್ಲದ ತುಂಗವ್ವನನ್ನು ಸಾಕಿದವಳು. ಗಟ್ಟಿ ಗಂಟಲು, ದೊಡ್ಡ ಕುಂಕುಮ, ಯಾರಿಗೂ ಹೆದರುವವಳಲ್ಲ. ಅವರ ಸೀಮೆಯಲ್ಲಿ ಊಟದ ಹೊತ್ತಿಗೆ ಬೀಗರನ್ನು ಹಾಡಿ ಛೇಡಿಸದಿದ್ದರೆ ಬೀಗರಿಗೆ ಅವಮಾನ. ಇವರ ಸೀಮೆಯಲ್ಲಿ ರಾಣಿಯ ಎದುರು ಕೆಮ್ಮಿದರೂ ಅವಮಾನ. ಈಗ ನೋಡಿ ಏನಾಯಿತು.

ರಾಣಿ ದೊಡ್ಡಾಜಮ್ಮ ತಾನೇ ತುಪ್ಪ ಬಡಿಸುತ್ತ ಬಂದಳು. ನಿಂಬೆವ್ವ ಎಲೆಯ ಮುಂದೆ ಕೂತೇ ಹಾಡು ತೆಗೆದಳು:

"ಬೀಗತಿ ನತ್ತ ನೋಡಿರೇ, ಬಂಡಿಗಾಲಿಯಷ್ಟೈತಿ.
ಬೀಗತಿ ತುಪ್ಪ ನೋಡಿರೇ, ಸಾಸಿವಿಕಾಳಿನಷ್ಟೈತಿ."

ಅಂಗಳ ತಣ್ಣಗಾಯಿತು. ಬಡಿಸುವವರು ನಿಂತಲ್ಲೇ ನಿಂತರು. ಗೋಡೆಯಾಚೆ ಸಾವಿರ ಜನ ತುತ್ತು ಕೈಯಲ್ಲಿ ಹಿಡಿದು ಬಾಯಿ ತೆರೆದುಕೊಂಡಿದ್ದರು.

ರಾಣಿ ನಿಂಬೆವ್ವನನ್ನು ನೋಡಿದಳು. ನತ್ತು ಮುಟ್ಟಿಕೊಂಡಳು. ಅದು ನಿಜವಾಗಿ ದೊಡ್ಡದೇ ಇತ್ತು. ಆಮೇಲೆ ಸೌಟನ್ನು ಪಕ್ಕಕ್ಕಿಟ್ಟು ತುಪ್ಪದ ಗಿಂಡಿಯನ್ನೇ ಎತ್ತಿ ನಿಂಬೆವ್ವನ ಎಲೆಗೆ ಬಗ್ಗಿಸಿದಳು. ಅನ್ನ ಮುಳುಗಿತು, ಹೋಳಿಗೆ ಮುಳುಗಿತು, ತುಪ್ಪ ಎಲೆ ದಾಟಿ ನಿಂಬೆವ್ವನ ಮಡಿಲಿಗೆ ಇಳಿಯಿತು.

"ಸಾಕೋ, ಇನ್ನೂ ಸಾಸಿವೆ ಕಾಳಿನಷ್ಟೇ ಕಾಣುತ್ತೋ?" ಅಂದಳು ರಾಣಿ.

"ಸಾಕ್ರೆವ್ವಾ," ಅಂದಳು ನಿಂಬೆವ್ವ. "ಈಗ ನೋಡ್ರಿ ಬೀಗತಿ ಅನಿಸಿದ್ರಿ."

ರಾಣಿ ನಕ್ಕಳು. ಆ ಊರಿನವರು ಮೂವತ್ತು ವರ್ಷದಲ್ಲಿ ರಾಣಿ ಜನರ ಮುಂದೆ ಬಾಯಿ ತುಂಬ ನಕ್ಕದ್ದನ್ನು ನೋಡಿರಲಿಲ್ಲ. ನೋಡಿ ಅವರಿಗೂ ನಗು ಬಂತು.

ಊಟ ಮುಗಿದ ಮೇಲೆ ತುಂಗವ್ವನನ್ನು ಅವಳ ಕಡೆಯ ಹೆಂಗಸರು ಒಳಮನೆಯ ಹೊಸ್ತಿಲ ಮೇಲೆ ತಡೆದು ನಿಲ್ಲಿಸಿದರು. ಅವರ ಪದ್ಧತಿಯಲ್ಲಿ ಗಂಡನ ಹೆಸರನ್ನು ಬರಿದೆ ಹೇಳಬಾರದು, ಪದ ಕಟ್ಟಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಹೇಳುವವರೆಗೆ ಒಳಗೆ ಬಿಡುವುದಿಲ್ಲ. ನಮ್ಮ ಹುಡುಗಿಯರಾದರೆ ಅರ್ಧ ದಿನ ನಾಚಿಕೊಳ್ಳುತ್ತಾರೆ. ತುಂಗವ್ವ ತಲೆ ಎತ್ತಿ ಹೇಳಿದಳು:

"ಎರಿಹೊಲದಾಗ ಬಿಳಿಜೋಳ ತೆನಿ ಬಿಟ್ಟೈತಿ,
ಅರಮನಿ ಹೊಸ್ತಿಲದಾಗ ಕಾಲು ನೊಂದೈತಿ,
ಸೋಮರಾಯರ ಹೆಸರ ಹೇಳೀನಿ, ದಾರಿ ಬಿಡರಿ, ಹೊಟ್ಟಿ ಹಸದೈತಿ."

ಹೌದಲ್ಲ, ಎಲ್ಲರಿಗೂ ಊಟವಾಗಿತ್ತು, ಮದುಮಗಳಿಗೆ ಇನ್ನೂ ಯಾರೂ ಬಡಿಸಿರಲಿಲ್ಲ. ಹೆಂಗಸರು ನಾಲಿಗೆ ಕಚ್ಚಿಕೊಂಡು ಓಡಿದರು. ಗೋಡೆಯಾಚೆಯವರು ಹೊಟ್ಟೆ ಹಿಡಿದು ನಕ್ಕರು. ಎಂಥ ಹುಡುಗಿಯಪ್ಪ, ಹಸಿದರೆ ಹಸಿವು ಅನ್ನುತ್ತಾಳೆ, ಅದನ್ನೂ ಹಾಡಿನಲ್ಲಿ ಅನ್ನುತ್ತಾಳೆ. ಗಂಟುಗಳು ಬಿಚ್ಚಿದವು. ಸಂಜೆಗೆ ಕೊಳಗ ಮುಕ್ಕಾಲು ದಾಟಿತು.

"ಈಗಲಾದರೂ ಹಾಕಕ್ಕ," ಅಂದಳು ಪಕ್ಕದವಳು.

"ಹುಡುಗಿ ಚೂಟಿಯಾಗಿದ್ದಾಳೆ ಕಣೆ," ಅಂದಳು ಸಣ್ಣಮ್ಮ. "ಆದರೆ ಮದುವೆ ಅಂದರೆ ಸೀರೆ. ನಾಳೆ ಸೀರೆ ನೋಡಿ ಹಾಕ್ತೀನಿ." ಅವಳು ಹಾಗಂದದ್ದಕ್ಕೆ ಇನ್ನೂ ಎಷ್ಟೋ ಮನೆಯವರು, ಸರಿ, ನಾವೂ ಸೀರೆ ನೋಡಿಯೇ ಹಾಕೋಣ ಅಂತ ಗಂಟು ಬಿಗಿ ಮಾಡಿಕೊಂಡರು.

ಈಗ ಸೀರೆಯ ವಿಷಯ. ನಿಧಾನವಾಗಿ ಹೇಳುತ್ತೇನೆ, ಇಲ್ಲಿಯೇ ಕತೆಯ ಜೀವ ಇರುವುದು.

ತುಂಗವ್ವನ ಸೀರೆ ಕಪ್ಪು ರೇಷ್ಮೆ. ಅವರ ಕಡೆ ಅದನ್ನು ಚಂದ್ರಕಾಳಿ ಅನ್ನುತ್ತಾರೆ. ಮೈತುಂಬ ಕಸೂತಿ. ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿಯಲ್ಲಿ ಚಿತ್ರ ತೆಗೆಯುವುದು. ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು, ಎಲ್ಲ ದಾರದಲ್ಲೇ. ದಾರಕ್ಕೆ ಎಲ್ಲೂ ಗಂಟು ಹಾಕುವುದಿಲ್ಲ. ಅದಕ್ಕೇ ಸೀರೆಯ ಮುಂದೆ ಎಷ್ಟು ಚೆಂದವೋ ಹಿಂದೆಯೂ ಅಷ್ಟೇ ಚೆಂದ. ತುಂಗವ್ವನ ಊರಿನ ಪದ್ಧತಿ ಏನೆಂದರೆ, ಮದುವೆ ಸೀರೆಗೆ ಊರಿನ ಹೆಂಗಸರೆಲ್ಲ ಒಂದೊಂದು ಹೊಲಿಗೆ ಹಾಕುತ್ತಾರೆ. ಹಾಕಿ, ಸೆರಗಿನ ಒಂದು ಮೂಲೆಯಲ್ಲಿ ಅಂಗೈಯಗಲ ಜಾಗ ಖಾಲಿ ಬಿಡುತ್ತಾರೆ. ಅದು ಗಂಡನ ಊರಿನ ಹೆಂಗಸರಿಗೆ. ಅವರು ಹೊಲಿಗೆ ಹಾಕಿ ತುಂಬಿದರೆ ಹುಡುಗಿ ಆ ಊರಿನವಳಾದಳು ಅಂತ. ಮುಹೂರ್ತಕ್ಕೆ ಮೊದಲು ಹೆಬ್ಬಾಗಿಲಲ್ಲಿ ನಿಂತು ಅವಳೇ ಸೆರಗು ಹಿಡಿದು ಕರೆಯಬೇಕು.

ಇದು ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಂಬೆವ್ವ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ? ಲೋಕದಲ್ಲೆಲ್ಲ ಹೀಗೇ ಮಾಡುತ್ತಾರೆ ಅಂತ ಅವಳು ತಿಳಿದಿದ್ದಳು.

ಸೀರೆಯನ್ನು ದೇವರ ಮನೆಯಲ್ಲಿ ಪೂಜೆಗೆ ಇಟ್ಟಿದ್ದರು. ಮೂರನೆಯ ದಿನ ಬೆಳಿಗ್ಗೆ ಅದನ್ನು ಮಡಿಕೆ ನೋಡಿ ಸರಿಮಾಡಲು ದರ್ಜಿ ಗೋಪೋಜಿ ಬಂದ. ವಯಸ್ಸಾದವನು, ಊರಿನವನೇ, ಬಟ್ಟೆ ಹೊಲಿಯಲು ಅರಮನೆಗೆ ಬಂದುಹೋಗುತ್ತಿದ್ದ. ಅವನ ಕೈಕೆಲಸ ಅಂದರೆ ಕೈಕೆಲಸ. ಸೀರೆ ಬಿಡಿಸಿದ. ಬೆರಗಾದ. ಮೂಲೆಗೆ ಬಂದ. ಅಂಗೈಯಗಲ ಖಾಲಿ. ಪಾಪ, ದಾರ ಸಾಲದೆ ಹೋಯಿತೋ, ದಿನ ಸಾಲದೆ ಹೋಯಿತೋ ಅಂದುಕೊಂಡ. ಊರವರು ಕಂಡರೆ ನಗುತ್ತಾರೆ, ಹುಡುಗಿಯ ಮಾನ ಹೋಗುತ್ತದೆ ಅಂದುಕೊಂಡ. ಯಾರನ್ನೂ ಕೇಳಲಿಲ್ಲ. ಚಿನ್ನದ ಜರಿ ತೆಗೆದ, ಕೂತ, ಆ ಜಾಗದಲ್ಲಿ ಒಂದು ತಾವರೆ ತೆಗೆದ. ಎಂಥ ತಾವರೆ ಅಂತೀರಿ. ದುಂಬಿ ಬಂದು ಕೂರಬೇಕು. ಸೀರೆ ಮಡಿಸಿಟ್ಟು, ಒಂದು ಒಳ್ಳೆಯ ಕೆಲಸ ಮಾಡಿದೆ ಅಂತ ಹೊರಗೆ ಬಂದ.

ಅವನ ಮನಸ್ಸು ಒಳ್ಳೆಯದೇ. ಅದನ್ನು ಮರೆಯಬೇಡಿ.

ನಿಂಬೆವ್ವ ಅವಸರದಲ್ಲಿ ಸೀರೆ ಉಡಿಸಿದಳು. ದೇವರ ಮನೆಯಲ್ಲಿ ದೀಪದ ಬೆಳಕು ಅಷ್ಟಕ್ಕಷ್ಟೆ. ಸೆರಗಿನ ಮೂಲೆ ಬೆನ್ನ ಹಿಂದೆ ಇಳಿಬಿದ್ದಿತ್ತು. ಯಾರೂ ನೋಡಲಿಲ್ಲ.

ಬಿಸಿಲೇರಿತು. ವಾಲಗ ಬಂತು. ಹೆಬ್ಬಾಗಿಲು ತೆರೆಯಿತು. ತುಂಗವ್ವ ಹೊರಗೆ ಬಂದಳು.

ವಾಲಗ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ವಾಲಗದವರೂ ಜನರ ಮುಖ ನೋಡಿ ನಿಲ್ಲಿಸಿದರು.

"ಕಪ್ಪು," ಅಂದ ಒಬ್ಬ.

"ಮದುವೆಗೆ ಕಪ್ಪೇ?" ಅಂದಳು ಇನ್ನೊಬ್ಬಳು.

"ಅರಮನೇಲಿ ಕೆಂಪು ಸೀರೆ ಇರಲಿಲ್ವಾ, ಕೇಳಿದ್ರೆ ಕೊಡ್ತಿರಲಿಲ್ವಾ?" ಅಂದಳು ಸಣ್ಣಮ್ಮ. ಅವಳ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ನಿನ್ನೆಯಿಂದ ಅವಳಿಗೆ ಹುಡುಗಿ ಇಷ್ಟವಾಗಿಬಿಟ್ಟಿದ್ದಳು. ಅಷ್ಟರಲ್ಲಿ ತುಂಗವ್ವ ಪಕ್ಕಕ್ಕೆ ತಿರುಗಿದಳು, ಬಿಸಿಲಿಗೆ ಜರಿ ತಾವರೆ ಹೊಳೆಯಿತು. "ಅಯ್ಯೋ, ಆ ತಾವರೆ ಒಂದು ಚೆನ್ನಾಗಿದೆ ನೋಡ್ರೇ. ಇಡೀ ಸೀರೆ ಹಾಗೇ ಇದ್ದಿದ್ದರೆ ನಾನೀಗಲೇ ಗಂಟು ಬಿಚ್ತಿದ್ದೆ."

ಗುಂಪಿನಲ್ಲಿದ್ದ ಗೋಪೋಜಿ ಇದನ್ನು ಕೇಳಿ ಮೀಸೆಯಡಿ ನಕ್ಕ.

ಕೊಳಗದ ಅಕ್ಕಿ ಕಂಠಕ್ಕೆ ಇನ್ನೂ ನಾಲ್ಕು ಬೆರಳು ಕಡಿಮೆ. ಕಂಬದ ನೆರಳು ಒಂದು ಮೊಳ. ಯಾರೂ ಮುಂದೆ ಬರಲಿಲ್ಲ.

ತುಂಗವ್ವನಿಗೆ ಮುಖಗಳು ಕಾಣುತ್ತಿದ್ದವು. ಆದರೂ ಪದ್ಧತಿಯಂತೆ ಸೆರಗಿನ ಮೂಲೆಯನ್ನು ಮುಂದಕ್ಕೆ ತಂದಳು, ಕರೆಯಬೇಕು ಅಂತ ಬಾಯಿ ತೆರೆದಳು. ಕೈಯಲ್ಲಿದ್ದ ತಾವರೆ ಕಂಡಿತು. ಮೂಲೆಯನ್ನು ಅತ್ತೆಯ ಕಡೆ ತಿರುಗಿಸಿದಳು.

ನಿಂಬೆವ್ವ ಬಗ್ಗಿ ನೋಡಿದಳು. "ಯಾರ ಮಾಡ್ಯಾರ ಇದನ್ನ? ನಾವು ಬಿಟ್ಟ ಜಾಗಾ ಯಾರ ತುಂಬ್ಯಾರ?"

ಗೋಪೋಜಿ ಮುಂದೆ ಬಂದು ಕೈಮುಗಿದ. "ನಾನು ತಾಯಿ. ಖಾಲಿ ಇತ್ತು. ಜನ ಆಡಿಕೊಳ್ಳಬಾರದು ಅಂತ."

ತುಂಗವ್ವ ಅವನನ್ನು ನೋಡಿದಳು. ಅವನ ಬಿಳಿ ತಲೆ ನೋಡಿದಳು, ಸೂಜಿ ಚುಚ್ಚಿ ಚುಚ್ಚಿ ಗಂಟಾದ ಬೆರಳು ನೋಡಿದಳು.

"ಅಜ್ಜಾ, ಹೂವು ಭಾಳ ಚಂದ ಬಂದೈತಿ," ಅಂದಳು. "ಇಷ್ಟು ಸಣ್ಣ ಕೆಲಸ ನಮ್ಮ ಕಡೆ ಯಾರಿಗೂ ಬರಂಗಿಲ್ಲ. ಆದರ ಅದು ಖಾಲಿ ಜಾಗಾ ಅಲ್ಲಪಾ. ಈ ಊರಿನ ಹೆಣ್ಣಮಕ್ಕಳಿಗೆ ಅಂತ ಇಟ್ಟ ಮಣಿ ಅದು. ಅವರು ಕೂಡೂ ಮಣಿಮ್ಯಾಗ ನೀನು ಕೂತಿ."

ಮಣೆ ಅಂದದ್ದು ಎಲ್ಲರಿಗೂ ತಿಳಿಯಿತು. ಊಟಕ್ಕೆ ಕರೆದು ಹಾಕಿದ ಮಣೆ. ಅದರ ಮೇಲೆ ಬೇರೆಯವರು ಕೂತರೆ ಹೇಗೆ?

ತುಂಗವ್ವ ಮಾತು ಬೆಳೆಸಲಿಲ್ಲ. ಹೆಬ್ಬಾಗಿಲ ಮೆಟ್ಟಿಲ ಮೇಲೆ ಕೂತಳು. ತಲೆಯ ಬಾಸಿಂಗ ಸರಿಮಾಡಿಕೊಂಡಳು, ಸೆರಗನ್ನು ಮೊಣಕಾಲ ಮೇಲೆ ಹರವಿದಳು. ಅತ್ತೆಯಿಂದ ಸೂಜಿ ಇಸಿದುಕೊಂಡು ಜರಿ ಬಿಚ್ಚತೊಡಗಿದಳು. ಒಂದು ಎಳೆ. ಎರಡು ಎಳೆ. ಮೂರು ಎಳೆ.

ನೋಡಿ, ಊರು ಮೆಚ್ಚಿದ್ದು ಅದೊಂದನ್ನೇ. ಅದನ್ನೇ ಅವಳು ಬಿಚ್ಚುತ್ತಿದ್ದಾಳೆ. ನೆರಳು ಮೊಳದಿಂದ ಗೇಣಿಗೆ ಬಂದಿದೆ. ಸೋಮರಾಯ ಬಾಸಿಂಗ ಕಟ್ಟಿಕೊಂಡು ಕಂಬದ ಪಕ್ಕ ನಿಂತಿದ್ದ. ಅವನ ಕಣ್ಣು ಒಮ್ಮೆ ನೆರಳಿಗೆ, ಒಮ್ಮೆ ಕೊಳಗಕ್ಕೆ, ಒಮ್ಮೆ ಅವಳಿಗೆ. ದೇಸಾಯಿ ಎತ್ತಿನ ಹಗ್ಗ ಹಿಡಿದವನ ಹಾಗೆ ಬರಿಗೈ ಬಿಗಿದಿದ್ದ. ಮಾತಾಡುವಂತಿಲ್ಲ, ಕಟ್ಟಳೆ ನಿಮಗೆ ಗೊತ್ತೇ ಇದೆ.

ಗೋಪೋಜಿ ಮೆಟ್ಟಿಲ ಹತ್ತಿರ ಬಂದು ಮೊಣಕಾಲೂರಿದ. "ಕೊಡಿ ತಾಯಿ. ನಾನು ಹಾಕಿದ ಗಂಟು ಎಲ್ಲಿದೆ ಅಂತ ನನಗೇ ಗೊತ್ತು. ನೀವು ಎಳೆದರೆ ರೇಷ್ಮೆ ಹರಿದೀತು."

ಅವನೇ ಬಿಚ್ಚಿದ. ಬೆಳಗಿನಿಂದ ಮಾಡಿದ ಕೆಲಸವನ್ನು ಎಂಟು ಹತ್ತು ಎಳೆತದಲ್ಲಿ ತೆಗೆದ. ಕಪ್ಪು ರೇಷ್ಮೆಗೆ ಒಂದು ಗೀರೂ ಬೀಳಲಿಲ್ಲ. ಜರಿಯ ಉಂಡೆಯನ್ನು ಜೇಬಿಗೆ ಹಾಕಿಕೊಂಡು ಹಿಂದೆ ಸರಿದು ನಿಂತ.

ತುಂಗವ್ವ ಎದ್ದಳು. ಸೆರಗು ಹಿಡಿದು ಚಾಚಿದಳು.

"ಅವ್ವಾರ, ಅಕ್ಕಾರ. ಈ ಸೀರಿ ಕರಿ ಐತಿ ಅಂತ ನಿಮಗ ಬ್ಯಾಸರ ಆಗೇತಿ. ನಮ್ಮ ನೆಲ ಇದ ಬಣ್ಣ. ಬಿತ್ತೂ ಮುಂದ ಭೂಮಿ ಹಿಂಗ ಇರತೈತ್ರಿ. ಅದಕ್ಕ ಹೊಸಾ ಸಂಸಾರಕ್ಕ ಹೊಂಟಾಕಿಗೆ ಇದನ್ನ ಉಡಸ್ತಾರ. ಈ ನವಿಲು ನಮ್ಮವ್ವ ತೆಗದಾಳ. ಅರ್ಧಕ್ಕ ಬಿಟ್ಟ ಹೋದಳು. ಉಳದರ್ಧ ನಮ್ಮತ್ತಿ ತೆಗದಾಳ. ಈ ತೊಟ್ಟಿಲಾ ನಮ್ಮ ಓಣಿ ಸೂಲಗಿತ್ತಿ ತೆಗದಾಳ. ಇಲ್ಲಿ ಇಷ್ಟ ಜಾಗಾ ನಿಮಗಂತ ಬಿಟ್ಟಾರ. ಒಂದೊಂದ ಹೊಲಿಗಿ ಹಾಕ್ರಿ. ಇಷ್ಟ ನಾ ಕೇಳೂದು."

ಸೂಲಗಿತ್ತಿ ಅಂದರೆ ಹೆರಿಗೆ ಮಾಡಿಸುವವಳು. ಅಕ್ಕಿಯ ಮಾತು ಅವಳು ಎತ್ತಲೇ ಇಲ್ಲ, ನೋಡಿದಿರಲ್ಲ. ಕೇಳಿದ್ದು ಹೊಲಿಗೆ ಮಾತ್ರ. ಕಟ್ಟಳೆ ಮುರಿಯಲಿಲ್ಲ.

ಹಾಗಂದು ಸೂಜಿಯನ್ನು ಯಾರಿಗೆ ಚಾಚಿದಳು? ಎದುರಿಗೇ ನಿಂತಿದ್ದ ಸಣ್ಣಮ್ಮನಿಗೆ.

ಸಣ್ಣಮ್ಮ ಹಿಂದೆ ಹೆಜ್ಜೆಯಿಟ್ಟಳು. "ನನಗೆ ಹೊಲಿಗೆ ಬರೋಲ್ಲಮ್ಮ. ಹೂವು ಕಟ್ಟೋ ಕೈ ಇದು."

"ಹೂವು ಕಟ್ಟಿದ ಕೈಗೆ ದಾರದ ಗುರುತ ಇರತೈತಿ. ಬರ್ರಿ."

ಸಣ್ಣಮ್ಮ ಬಂದಳು. ಸೂಜಿ ಹಿಡಿದಳು. ಉಸಿರು ಬಿಗಿಹಿಡಿದು ಒಂದು ಹೊಲಿಗೆ ಹಾಕಿದಳು. ಹಾಕಿ, ನಲವತ್ತು ವರ್ಷದ ಅಭ್ಯಾಸ ನೋಡಿ, ಹೂವಿಗೆ ಹಾಕಿದ ಹಾಗೆ ದಾರ ಸುತ್ತಿ ಗಂಟು ಬಿಗಿದುಬಿಟ್ಟಳು.

"ಅಯ್ಯ, ಗಂಟ ಬಿತ್ತಲ್ಲ," ಅಂದಳು ನಿಂಬೆವ್ವ. "ಸೀರಿತುಂಬ ಒಂದ ಗಂಟ ಇರಲಿಲ್ಲ. ಬಿಚ್ಚರಿ, ಬಿಚ್ಚರಿ."

ಸಣ್ಣಮ್ಮನ ಮುಖ ಬಾಡಿತು. ಗಂಟು ಬಿಚ್ಚಲು ಉಗುರು ಹಾಕಿದಳು.

ತುಂಗವ್ವ ಅವಳ ಕೈಮೇಲೆ ಕೈಯಿಟ್ಟಳು. "ಇರಲಿ ಬಿಡ ಅತ್ತಿ. ನಮ್ಮೂರ ಹೊಲಿಗಿಗೆ ಗಂಟ ಇಲ್ಲ. ಇವರೂರ ಹೊಲಿಗಿಗೆ ಐತಿ. ನಾ ಇನ್ನ ಎರಡೂ ಊರಾಕಿ."

ಗೋಪೋಜಿಯ ಗಂಟು ಬಿಚ್ಚಿಸಿದವಳು ಸಣ್ಣಮ್ಮನ ಗಂಟು ಉಳಿಸಿಕೊಂಡಳು. ಯಾಕೆ ಅಂತ ನಿಮಗೆ ತಿಳಿದಿರಬೇಕು, ಆದರೂ ಹೇಳುತ್ತೇನೆ. ಅವನನ್ನು ಅವಳು ಕರೆದಿರಲಿಲ್ಲ. ಇವಳನ್ನು ಕರೆದಿದ್ದಳು. ಕರೆದ ಮೇಲೆ ಬಂದವರು ಹೇಗೆ ಬರುತ್ತಾರೋ ಹಾಗೆಯೇ ಬರಲಿ.

ಸಣ್ಣಮ್ಮ ಸೆರಗಿನ ಮೂಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಈ ಮಗ್ಗುಲು ನೋಡಿದಳು, ಆ ಮಗ್ಗುಲು ನೋಡಿದಳು. ನವಿಲಿನ ಗರಿ ಎರಡು ಕಡೆಯೂ ಒಂದೇ ಸಮ. "ಏ, ಬನ್ರೇ ಇಲ್ಲಿ," ಅಂತ ತಿರುಗಿ ಕೂಗಿದಳು. "ದೂರದಿಂದ ಕಪ್ಪು ಕಾಣುತ್ತೆ ಅಷ್ಟೇ. ಹತ್ತಿರ ಬಂದು ನೋಡಿ, ಇದರೊಳಗೆ ಒಂದು ಊರೇ ಇದೆ."

ಅಷ್ಟು ಸಾಕಾಯಿತು. ಹೆಂಗಸರು ನುಗ್ಗಿದರು. ಸೂಜಿ ಕೈಯಿಂದ ಕೈಗೆ ಹೋಯಿತು. "ನನ್ನದೊಂದು." "ಆಚೆ ಸರಿಯೇ, ನೀನು ಎರಡು ಹಾಕಿದೆ." "ಈ ಆನೆ ನೋಡೇ, ಸೊಂಡಿಲು ಎಷ್ಟು ಮುದ್ದಾಗಿದೆ." "ನನ್ನ ಮಗಳಿಗೂ ಇಂಥದೇ ಮಾಡಿಸಬೇಕು, ಎಲ್ಲಿ ಕಲಿಸ್ತಾರೆ ಕೇಳು." "ಕೇಳು ಅಂದರೆ? ಇನ್ನು ಇವಳೇ ನಮ್ಮೂರಲ್ಲಿ ಇರ್ತಾಳಲ್ಲ." ನಿಂಬೆವ್ವ ನಡುವೆ ನಿಂತು ಎಳೆ ಎಣಿಸಿಕೊಡುತ್ತ ಬೆವರಿದಳು.

ಎಲ್ಲರಿಗೂ ಸೀರೆಯ ಮೇಲೆ ಕಣ್ಣು. ಇವಳೇ ನಮ್ಮೂರಲ್ಲಿ ಇರ್ತಾಳಲ್ಲ ಅಂದರು. ಇರಬೇಕಾದರೆ ಕೊಳಗ ತುಂಬಬೇಕು ಅನ್ನುವುದನ್ನು ಮರೆತರು. ಊರಿಗೆ ಊರೇ ಮರೆಯಿತು. ಒಪ್ಪಿಗೆ ಇಲ್ಲದೆ ಅಲ್ಲ, ಒಪ್ಪಿಗೆ ಹೆಚ್ಚಾಗಿ ಮರೆಯಿತು.

ನೆರಳು ಗೇಣಿನಿಂದ ನಾಲ್ಕು ಬೆರಳಿಗೆ ಬಂತು. ನಾಲ್ಕು ಬೆರಳಿನಿಂದ ಎರಡು ಬೆರಳಿಗೆ ಬಂತು. ರಾಣಿ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು, ಎಲ್ಲಿ ಮಾತು ಹೊರಗೆ ಬಂದುಬಿಡುತ್ತದೋ ಅಂತ. ಸೋಮರಾಯನ ಬಾಸಿಂಗ ಬೆವರಿಗೆ ಜಾರಿ ಕಿವಿಯ ಮೇಲೆ ಬಂದಿತ್ತು. ತುಂಗವ್ವನಿಗೂ ನೆರಳು ಕಾಣುತ್ತಿತ್ತು. ಆದರೂ ಮುಂದೆ ಬಂದ ಒಬ್ಬೊಬ್ಬಳಿಗೂ, ಹಾಕ್ರಿ ಅಕ್ಕಾರ, ಅನ್ನುತ್ತಲೇ ಇದ್ದಳು.

ಗೋಪೋಜಿ ಮಾತ್ರ ಗುಂಪಿನಿಂದ ಹೊರಗೆ ನಿಂತಿದ್ದ. ಅವನಿಗೆ ಅಲ್ಲಿ ಕೆಲಸವಿರಲಿಲ್ಲ. ಅದಕ್ಕೇ ಅವನಿಗೆ ಕಂಬ ಕಂಡಿತು, ನೆರಳು ಕಂಡಿತು, ಕೊಳಗ ಕಂಡಿತು. ಅವನು ಹೆಂಡತಿ ತೀರಿಕೊಂಡವನು, ಅವನ ಮನೆಯ ಹಿಡಿಯಕ್ಕಿ ಅವನ ವಲ್ಲಿಯ ತುದಿಯಲ್ಲೇ ಇತ್ತು. ಓಡಿದ. ವಲ್ಲಿ ಬಿಚ್ಚಿ ಅಕ್ಕಿ ಸುರಿದ. ಸುರಿದರೆ ಯಾರಿಗೂ ಕೇಳಿಸಲಿಲ್ಲ. ಸೊಂಟದಿಂದ ದೊಡ್ಡ ಕತ್ತರಿ ಎಳೆದು ಕೊಳಗದ ಕಂಠಕ್ಕೆ ಹೊಡೆದ. ಠಣ್. ಠಣ್. ಠಣ್.

ಎಲ್ಲರೂ ತಿರುಗಿದರು.

"ತಾಯಂದಿರಾ, ನಾನು ಊರಿನವನಾಗಿ ಹೇಳ್ತಿದ್ದೀನಿ," ಅಂದ. "ಸೂಜಿ ಹಿಡಿದದ್ದು ಸಾಕು, ಸೆರಗಿನ ಗಂಟು ಬಿಚ್ಚಿ. ನೆರಳು ಬುಡಕ್ಕೆ ಬಂತು."

ಅಯ್ಯಯ್ಯೋ ಅಂತ ಒಂದು ಸದ್ದು ಎದ್ದಿತು. ಆಮೇಲೆ ಓಟ. ಬೆರಳಿಗೆ ಗಂಟು ಬಿಚ್ಚಲು ಬಾರದವರು ಹಲ್ಲಿನಲ್ಲಿ ಕಚ್ಚಿ ಎಳೆದರು. ಬಿಚ್ಚದೇ ಹೋದವರು ಸೆರಗಿನ ತುದಿಯನ್ನೇ ಹರಿದು ಅಕ್ಕಿ ಸುರಿದರು. ಮೂರು ಬೆರಳು, ಎರಡು ಬೆರಳು, ಒಂದು ಬೆರಳು. ಎಲ್ಲರಿಗಿಂತ ಹಿಂದೆ ಸಣ್ಣಮ್ಮ. ಗುಂಪು ದಾಟಿ ಬರುವಷ್ಟರಲ್ಲಿ ಅವಳಿಗೆ ಏದುಸಿರು ಬಂದಿತ್ತು. ಮೂರು ದಿನ ಬಿಗಿಯುತ್ತಲೇ ಬಂದ ಗಂಟು ಅವಳದು, ಬಿಚ್ಚುವುದಿಲ್ಲ. ಗೋಪೋಜಿ ಕತ್ತರಿ ಕೊಟ್ಟ. ಕಚಕ್ ಅಂತ ಕತ್ತರಿಸಿದಳು. ಅವಳ ಹಿಡಿ ಬಿದ್ದಾಗ ಅಕ್ಕಿ ಕಂಠ ದಾಟಿ, ಕೊಳಗದ ಹೊರಮೈಯಲ್ಲಿ ಜಾರಿ, ನೆಲಕ್ಕೆ ಚೆಲ್ಲಿತು.

ಪುರೋಹಿತರು ಕಂಬ ನೋಡಿದರು. ನೆರಳು ಇರಲಿಲ್ಲ.

ವಾಲಗದವರಿಗೆ ಯಾರೂ ಹೇಳಬೇಕಾಗಲಿಲ್ಲ. ತಾಳಿ ಕಟ್ಟಿದ್ದಾಯಿತು. ಸಾವಿರ ಮನೆಯ ಅಕ್ಕಿ ಇಬ್ಬರ ತಲೆಯ ಮೇಲೂ ಬಿತ್ತು. ಕಪ್ಪು ರೇಷ್ಮೆಯ ಮೇಲೆ ಬಿಳಿ ಅಕ್ಕಿ ಹೇಗೆ ಕಾಣುತ್ತಿತ್ತು ಅಂದರೆ, ಆ ದಿನ ನೋಡಿದವರು ಅದನ್ನು ಹೇಳಲು ಹೋಗಿ ಅರ್ಧಕ್ಕೇ ಸುಮ್ಮನಾಗುತ್ತಿದ್ದರಂತೆ. ನಾನೂ ಸುಮ್ಮನಾಗುತ್ತೇನೆ.

ಕತೆ ಇನ್ನು ಸ್ವಲ್ಪವೇ ಇದೆ, ಏಳಬೇಡಿ.

ಒಂದು ವರ್ಷವಾಯಿತು. ಪಕ್ಕದ ರಾಜ್ಯದ ಮಂತ್ರಿಯ ಹೆಂಡತಿ ಆ ಊರಿಗೆ ಬಂದಳು. ಮೇನೆ ಇಳಿದು ಚೌಕದಲ್ಲಿ ಹೂವು ಕೊಳ್ಳಲು ನಿಂತಳು. ಸಣ್ಣಮ್ಮ ಎರಡು ಮೊಳ ಮಲ್ಲಿಗೆ ಅಳೆದು ಕೊಡುತ್ತಿದ್ದಳು. ಮಂತ್ರಿಯ ಹೆಂಡತಿ ಜೊತೆಯವಳಿಗೆ ಹೇಳಿದಳು: "ಇಲ್ಲಿಯ ಸೊಸೆ ಮದುವೆಗೆ ಕಪ್ಪು ಸೀರೆ ಉಟ್ಟಿದ್ದಳಂತೆ ಕಣೆ. ಬೇರೆ ಬಣ್ಣ ಸಿಗಲಿಲ್ಲವೇನೋ."

ಸಣ್ಣಮ್ಮ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಹೂವನ್ನು ಬುಟ್ಟಿಗೆ ಹಾಕಿದಳು. ಮೇಲೆ ಒದ್ದೆ ಬಟ್ಟೆ ಮುಚ್ಚಿದಳು.

"ಹೂವು ಮುಗೀತಮ್ಮ."

"ಬುಟ್ಟಿ ತುಂಬ ಇದೆಯಲ್ಲ?"

"ಇದೆ. ಆದರೆ ನಮ್ಮ ಸೀರೆಗೆ ಹೆಸರಿಡೋರಿಗೆ ಇಲ್ಲ."

"ನಿನ್ನ ಸೀರೆಗೆ ಯಾರೇನಂದರು? ನಾನು ಹೇಳಿದ್ದು ಅರಮನೆ ಸೊಸೆಯ ಸೀರೆ."

"ಅದೇ ಅಮ್ಮ," ಅಂದಳು ಸಣ್ಣಮ್ಮ. "ನಾನು ಹೇಳ್ತಿರೋದೂ ಅದೇ ಸೀರೆ."

ಮಂತ್ರಿಯ ಹೆಂಡತಿ ಮುಂದಿನ ಬೀದಿಗೆ ಹೋದಳು. ಬಳೆ ಅಂಗಡಿಯವಳು ಬಳೆಯಿಲ್ಲ ಅಂದಳು. ಅದರಾಚೆ ಕುಂಕುಮದವಳು ಕುಂಕುಮವಿಲ್ಲ ಅಂದಳು. ಆ ಊರಿನಲ್ಲಿ ಯಾವ ಬಾಗಿಲು ತಟ್ಟಿದರೂ ಆ ಸೀರೆಯಲ್ಲಿ ನಮ್ಮದೊಂದು ಹೊಲಿಗೆ ಇದೆ ಅನ್ನುತ್ತಿದ್ದರು. ಅಂಗೈಯಗಲದ ಜಾಗದಲ್ಲಿ ಸಾವಿರ ಮನೆಯ ಹೊಲಿಗೆ ಹೇಗೆ ಹಿಡಿಯಿತು ಅಂತ ನನ್ನನ್ನು ಕೇಳಬೇಡಿ. ಅವರನ್ನಂತೂ ಕೇಳಲೇಬೇಡಿ.

ಅವರ ಮನೆಯ ಮದುವೆ ಅವರಿಗೆ ಹಸನಾಗಲಿ, ಕೇಳಿದ ನಿಮ್ಮ ಮನೆಯ ಚಪ್ಪರ ಹಸಿರಾಗಿರಲಿ. ಕತೆ ನಿಮ್ಮ ಮಡಿಲಿಗೆ ಹಾಕಿದ್ದೇನೆ. ನನ್ನ ಗಂಟಲಿಗೆ ಯಾರಾದರೂ ಒಂದು ಲೋಟ ಮಜ್ಜಿಗೆ ಕೊಡಿ.